ಹೇಳಿಕೊಳ್ಳುವ ಧೈರ್ಯ

ನಮ್ಮ ತಾತನವರು ವಾರಾನ್ನದಿಂದ ವಿದ್ಯೆ ಕಲಿತವರು. ತುಮಕೂರಿನಲ್ಲಿ ಹೈಸ್ಕೂಲು ಓದುತ್ತಿದ್ದಾಗ ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ, ಹೀಗೆ ಆರು ದಿನಗಳಿಗೆ ಆರು ಮನೆಗಳು ಗೊತ್ತಾಗಿದ್ದುವು. ಗುರುವಾರಕ್ಕೆ ಮಾತ್ರ ಮನೆಯಿರಲಿಲ್ಲ. ಕೆಲವು ವಾರ ಉಪವಾಸವಿದ್ದು, ಕಡೆಗೊಂದು ದಿನ ದೇವಸ್ಥಾನದ ಜಗಲಿಯಲ್ಲಿ ಹತ್ತು ಜನರೆದುರಿಗೆ, "ನನಗೆ ಗುರುವಾರ ಊಟವಿಲ್ಲ" ಎಂದುಬಿಟ್ಟರಂತೆ. ಆ ಗುರುವಾರವೇ ಎಲೆ ಹಾಕುವವರು ದೊರೆತರು. ಈ ಅನುಕೂಲ ಎಲ್ಲ ಜಾತಿಯ ಮಕ್ಕಳಿಗೂ ಇರಲಿಲ್ಲವೆಂಬುದು ನಿಜ. ಆದರೆ ಈ ಕಥೆಯನ್ನು ಹೇಳುವಾಗ ತಾತನವರ ಮುಖದಲ್ಲಿ ನಾಚಿಕೆಯ ನೆರಳನ್ನು ನಾನು ಎಂದೂ ಕಂಡುದಿಲ್ಲ.

ಅಂತಹವರ ಮೊಮ್ಮಗನಾದ ನಾನು ನಾಚಿಕೆಯಿಂದಲೇ ಕೆಟ್ಟೆನು.

ಅದೇ ತುಮಕೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಟಿ. ದಾಸರಹಳ್ಳಿಯಲ್ಲಿ ನಮ್ಮ ವಾಸ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನನಗೆ ಲೆಕ್ಕಪತ್ರದ ಕೆಲಸ. 2023ರಲ್ಲಿ ಮಗಳಿಗೆ ಇಂಜಿನಿಯರಿಂಗ್ ಸೀಟು ದೊರೆಯಿತು. ಫೀಜಿಗೆ ಕೈಯಲ್ಲಿದ್ದ ಹಣ ಸಾಲದು. ಮನೆಯಾಕೆಗೆ, "ಎಲ್ಲಾ ಸಿದ್ಧವಾಗಿದೆ" ಎಂದು ಹೇಳಿದ್ದೆನು, ಅದು ಸುಳ್ಳು. ಆ ಹೊತ್ತಿನಲ್ಲಿ ಒಂದು ಫೋನು ಬಂದಿತು. ಮಗಳ ಹೆಸರು, ಅವಳ ಅಂಕಗಳು ಎಲ್ಲವೂ ಅವನಿಗೆ ಗೊತ್ತು. "50,000 ರೂಪಾಯಿ ವಿದ್ಯಾರ್ಥಿವೇತನ ಮಂಜೂರಾಗಿದೆ. ಸಂಜೆಯೊಳಗೆ 7,500 ರೂಪಾಯಿ ಶುಲ್ಕ ಕಟ್ಟಿ. ಪಟ್ಟಿ ಪ್ರಕಟವಾಗುವವರೆಗೆ ಯಾರಿಗೂ ಹೇಳಬೇಡಿ" ಎಂದನು. ದಿನವೂ ಇತರರ ಲೆಕ್ಕವನ್ನು ತಿದ್ದುವ ನಾನು ನನ್ನ ಲೆಕ್ಕದಲ್ಲಿ ತಪ್ಪಿದೆನು, ಹಣ ಕಳುಹಿಸಿದೆನು. ಮರುದಿನ ತೆರಿಗೆಯೆಂದು ಇನ್ನೂ 5,000 ರೂಪಾಯಿ ಕೇಳಿದಾಗ ಕಣ್ಣು ತೆರೆಯಿತು. ಬಾಯಿ ಮಾತ್ರ ತೆರೆಯಲಿಲ್ಲ.

ಮೂರು ವಾರ ಕಳೆದ ಮೇಲೆ, ನಮ್ಮ ಬೀದಿಯಲ್ಲೇ ಇರುವ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಒಬ್ಬ ತಾಯಿ ನಮ್ಮ ಮನೆಗೆ ಬಂದು ಅತ್ತರು. ಅದೇ ಮಾತು, ಅದೇ 7,500 ರೂಪಾಯಿ. ಕಿವಿಯ ಓಲೆಯನ್ನು ಅಡವಿಟ್ಟು ಕಳುಹಿಸಿದ ಹಣ. ನಾನು ಅಂದೇ ನಾಲ್ವರಿಗೆ ಹೇಳಿದ್ದರೆ ಆ ಓಲೆ ಅವರ ಕಿವಿಯಲ್ಲೇ ಇರುತ್ತಿತ್ತು. ಆ ರಾತ್ರಿ ಮನೆಯಾಕೆಗೆ ಎಲ್ಲವನ್ನೂ ತಿಳಿಸಿದೆನು. ಬೈಯುವಳೆಂದು ಎಣಿಸಿದ್ದೆನು. "ಇಷ್ಟು ದಿನ ಒಬ್ಬರೇ ಹೇಗೆ ಹೊತ್ತುಕೊಂಡಿದ್ದಿರಿ?" ಎಂದಳು, ಅಷ್ಟೆ.

ಮರುದಿನ ಮೂವರೂ ಕೂಡಿ 1930 ಸಂಖ್ಯೆಗೆ ದೂರು ಕೊಟ್ಟೆವು. ಮೋಸವಾದ ಕೂಡಲೇ ಅಲ್ಲಿಗೆ ತಿಳಿಸಿದರೆ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯಲು ಅವಕಾಶವುಂಟು. ತಡಮಾಡಿದಷ್ಟೂ ಅದು ಖಾತೆಯಿಂದ ಖಾತೆಗೆ ಸಾಗಿಬಿಡುತ್ತದೆ. ನಮ್ಮ ಹಣ ಹಿಂತಿರುಗಲಿಲ್ಲ. ಆದರೆ ಕೇಳತೊಡಗಿದ ಮೇಲೆ ದಾರಿಗಳು ಕಂಡುವು. ಸರ್ಕಾರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್.ಎಸ್.ಪಿ. ಜಾಲತಾಣದಲ್ಲಿ ಅರ್ಜಿ ಹಾಕಬೇಕೆಂದೂ, ಅದಕ್ಕೆ ಶುಲ್ಕವಿಲ್ಲವೆಂದೂ, ಹಣವು ಆಧಾರ್ ಜೋಡಿಸಿದ ವಿದ್ಯಾರ್ಥಿಯ ಖಾತೆಗೇ ನೇರವಾಗಿ ಬರುವುದೆಂದೂ ಕಾಲೇಜಿನ ಗುಮಾಸ್ತರು ತಿಳಿಸಿದರು. 4 ಲಕ್ಷ ರೂಪಾಯಿವರೆಗಿನ ವಿದ್ಯಾಸಾಲಕ್ಕೆ ಬ್ಯಾಂಕುಗಳು ಒತ್ತೆ ಕೇಳಕೂಡದೆಂಬುದು ರಿಸರ್ವ್ ಬ್ಯಾಂಕಿನ ಕಟ್ಟಳೆಯೆಂದು ಆಗಲೇ ನನಗೆ ತಿಳಿದುದು. ಆ ಸಾಲಕ್ಕೆ ಅರ್ಜಿ ಹಾಕುವ ವಿದ್ಯಾಲಕ್ಷ್ಮಿ ಜಾಲತಾಣ 2015ರಲ್ಲಿಯೇ ಆರಂಭವಾಗಿತ್ತು. ಮಗಳು ಅದೇ ಸಾಲದಿಂದ ಓದಿದಳು.

ತಾತನವರಿಗೆ ಊಟವಿಕ್ಕಿದ ಯಾವ ಮನೆಯವರೂ ಎಲೆಯ ಬೆಲೆಯನ್ನು ಮುಂಗಡವಾಗಿ ಕೇಳಲಿಲ್ಲ. "ಯಾರಿಗೂ ಹೇಳಬೇಡ" ಎನ್ನಲೂ ಇಲ್ಲ. ನಿಜವಾಗಿ ಕೊಡುವವರ ಗುರುತು ಇದೇ ಎಂದು ನನಗೆ ತೋರುತ್ತದೆ. ಬಡತನವನ್ನು ಬಚ್ಚಿಡುವ ಗೃಹಸ್ಥನೇ ಕಳ್ಳನ ಬಂಡವಾಳ.

ಈಗ ಪಿ.ಯು. ಫಲಿತಾಂಶ ಬಂದಾಗಲೆಲ್ಲ ಬೀದಿಯ ತಂದೆತಾಯಿಗಳನ್ನು ಕೂರಿಸಿಕೊಂಡು ನನ್ನ 7,500 ರೂಪಾಯಿಯ ಕಥೆಯನ್ನು ಹೇಳುತ್ತೇನೆ. ಆ ತಾಯಿಯೂ ಪಕ್ಕದಲ್ಲಿ ಕುಳಿತು ತಮ್ಮದನ್ನು ಹೇಳುತ್ತಾರೆ. ಅವರ ಓಲೆಯನ್ನು ಬಿಡಿಸುವುದಕ್ಕೆ ನಾವೂ ಕೈಸೇರಿಸಿದೆವು. ಅದು ನಾನು ತೀರಿಸಲೇಬೇಕಾಗಿದ್ದ ಸಾಲ.