ಪಾದಕ್ಕೆ ಎಷ್ಟು ಪೆಡಲ್ ಬೇಕು?

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಎರಡು ಕೈಗೂ ಬಿಡುವಿಲ್ಲ. ಎಡಗೈ ತಂತಿಯನ್ನು ಒತ್ತಬೇಕು, ಎಳೆಯಬೇಕು, ಜಾರಿಸಬೇಕು. ಬಲಗೈ ಮೀಟಬೇಕು, ಮೀಟಿದ್ದನ್ನು ಅಂಗೈಯಂಚಿನಿಂದ ತಡೆಯಲೂ ಬೇಕು. ಸ್ವರ ಹುಟ್ಟಿದ ಮೇಲೆ ಅದನ್ನು ಬೆಳೆಸುವ, ಕುಗ್ಗಿಸುವ, ಅದರ ಬಣ್ಣ ಬದಲಿಸುವ ಆಸೆ ಇನ್ನೂ ಉಳಿದಿದ್ದರೆ ಅದನ್ನು ತೀರಿಸಬೇಕಾದದ್ದು ಕಾಲು. ಆ ಕಾಲಿನಡಿಯಲ್ಲಿ ಏರಿಳಿಯುವ ಹಲಗೆಯೇ ಎಕ್ಸ್‌ಪ್ರೆಶನ್ ಪೆಡಲ್. ನನ್ನ ಸಂಗೀತದ ಸಾಮಾನುಗಳಲ್ಲಿ ಗಿಟಾರ್ ಬಿಟ್ಟರೆ ನನಗೆ ಅತಿ ಪ್ರಿಯವಾದದ್ದು ಇದೇ. ಒಬ್ಬರ ಗಿಟಾರ್ ಸಾಮಾನಿನ ಜೋಡಣೆಯಲ್ಲಿ ಇಂಥ ಪೆಡಲುಗಳು ಎಷ್ಟಿರಬೇಕು ಎಂಬ ಮಾತು ನಮ್ಮ ಗೆಳೆಯರ ಬಳಗದಲ್ಲಿ ಎದ್ದರೆ ಚಹಾ ಆರಿಹೋಗುವುದು ಖಂಡಿತ.

ಇಂಥ ಪೆಡಲಿನೊಳಗೆ ಸಾಮಾನ್ಯವಾಗಿ ಇರುವುದು ಒಂದು ಪೊಟೆನ್ಶಿಯೋಮೀಟರ್. ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯ ಹಿಂದೆ ಇರುತ್ತಿತ್ತಲ್ಲ, ಅದೇ. ಪಾದದ ಏರಿಳಿತವನ್ನು ಅದರ ತಿರುಗುವಿಕೆಯಾಗಿ ಮಾರ್ಪಡಿಸುವುದು ಹೇಗೆ ಎಂಬುದರಲ್ಲಿ ಒಬ್ಬೊಬ್ಬ ತಯಾರಕನದು ಒಂದೊಂದು ದಾರಿ. ಗಿಟಾರಿನಿಂದ 'ವಾ ವಾ' ಎನ್ನಿಸುವ ಕ್ರೈಬೇಬಿ ವಾ ಪೆಡಲಿನ ಹಲಗೆಯನ್ನು ಎತ್ತಿ ಬಗ್ಗಿ ನೋಡಿದರೆ ಹಲ್ಲುಗಳಿರುವ ಒಂದು ಪಟ್ಟಿ ಕಾಣುತ್ತದೆ. ಪಾದ ಒತ್ತಿದಂತೆ ಅದು ಕೆಳಗೆ ಸರಿದು ಪುಟ್ಟ ಹಲ್ಲುಗಾಲಿಯೊಂದನ್ನು ತಿರುಗಿಸುತ್ತದೆ. ಅರ್ನಿ ಬಾಲ್ ಕಂಪನಿಯ ವಾಲ್ಯೂಮ್ ಪೆಡಲಿನಲ್ಲಿ ಹಲ್ಲಿಲ್ಲ, ದಾರವಿದೆ. ಗುಂಡಿಯ ಕಂಬಕ್ಕೆ ಸುತ್ತಿದ ದಾರವನ್ನು ಒಂದು ಸ್ಪ್ರಿಂಗ್ ಬಿಗಿಯಾಗಿ ಹಿಡಿದಿರುತ್ತದೆ. ಹಲ್ಲುಗಾಲಿಯ ಚಲನೆ ಪಾದಕ್ಕೆ ಸ್ವಲ್ಪ ಒರಟಾಗಿ ತಿಳಿಯುತ್ತದೆ. ದಾರದ್ದು ಎಣ್ಣೆ ಹಾಕಿದಷ್ಟು ನಯ.

ಇಲ್ಲಿ ಒಂದು ವ್ಯತ್ಯಾಸ ಗಮನದಲ್ಲಿರಬೇಕು. ವಾ ಪೆಡಲಿನಲ್ಲಿಯೂ ಹಳೇ ಮಾದರಿಯ ವಾಲ್ಯೂಮ್ ಪೆಡಲಿನಲ್ಲಿಯೂ ಗಿಟಾರಿನ ದನಿ ಪೆಡಲಿನ ಒಳಗೇ ಹಾದುಹೋಗುತ್ತದೆ. ಎಕ್ಸ್‌ಪ್ರೆಶನ್ ಪೆಡಲಿನೊಳಗೆ ದನಿ ಕಾಲಿಡುವುದೇ ಇಲ್ಲ. ಪಾದ ಈಗ ಎಲ್ಲಿದೆ ಎಂಬ ಸುದ್ದಿಯನ್ನಷ್ಟೇ ಅದು ಬೇರೊಂದು ಯಂತ್ರಕ್ಕೆ ಮುಟ್ಟಿಸುತ್ತದೆ. ಸಂಗೀತ ಯಂತ್ರಗಳು ತಮ್ಮತಮ್ಮಲ್ಲಿ ಆಡುವ ಮಿಡಿ ಭಾಷೆಯಲ್ಲಿ ಆ ಸುದ್ದಿ 0ಯಿಂದ 127ರವರೆಗಿನ ಒಂದು ಅಂಕಿ. ಅದನ್ನು ವಾಲ್ಯೂಮ್ ಎಂದು ಓದಿಕೊಳ್ಳಬಹುದು, ಡಿಲೇಯ, ಅಂದರೆ ಪ್ರತಿಧ್ವನಿಯ, ಪ್ರಮಾಣ ಎಂದು ಓದಿಕೊಳ್ಳಬಹುದು, ಒಂದೇ ಸಲಕ್ಕೆ ಎರಡು ಮೂರು ಕೆಲಸಕ್ಕೂ ಹಂಚಬಹುದು. ಪಾದ ಮುಂದಕ್ಕೆ ಬಾಗಿದಂತೆ ರಿವರ್ಬ್ ಹಿಗ್ಗಲಿ, ಗೇನ್ ಸ್ವಲ್ಪ ಇಳಿಯಲಿ ಎಂದು ಯಂತ್ರಕ್ಕೆ ಹೇಳಿಟ್ಟರೆ ಅದು ಹಾಗೇ ನಡೆದುಕೊಳ್ಳುತ್ತದೆ.

ಕಾಲಿನಿಂದ ದನಿಯನ್ನು ಏರಿಳಿಸುವ ವಿದ್ಯೆ ಹುಟ್ಟಿದ್ದು ಗಿಟಾರಿನ ಮನೆಯಲ್ಲಲ್ಲ. 1712ರಲ್ಲಿ ಲಂಡನ್ನಿನ ಸೇಂಟ್ ಮ್ಯಾಗ್ನಸ್ ಚರ್ಚಿನ ಆರ್ಗನ್ನಿನಲ್ಲಿ ಕೆಲವು ಕೊಳವೆಗಳನ್ನು ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಯ ಬಾಗಿಲು ಸರಿಸಿ ದನಿಯನ್ನು ಉಬ್ಬಿಸುವ ಏರ್ಪಾಡನ್ನು ಅಬ್ರಹಾಂ ಜೋರ್ಡನ್ ಮಾಡಿದ. ಆಮೇಲೆ ಹ್ಯಾಮಂಡ್ ಆರ್ಗನ್ನಿನವರೆಗೂ ಈ ಏರಿಳಿತ ಪಾದದ ಪಾಲಿಗೇ ಬಂತು. ನಮ್ಮ ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂನಲ್ಲಿಯೂ ಸ್ವರ ಕೈಯದಾದರೆ ಗಾಳಿ ಕಾಲಿನದು. 1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಕಂಪನಿಯ ಬ್ರ್ಯಾಡ್ ಪ್ಲಂಕೆಟ್ ಎಂಬ ಎಂಜಿನಿಯರ್ ಆಂಪ್ಲಿಫೈಯರಿಗೆಂದು ಹೊಸ ಸರ್ಕ್ಯೂಟ್ ಮಾಡುತ್ತಿದ್ದಾಗ ಅದನ್ನು ವಾಕ್ಸ್ ಆರ್ಗನ್ನಿನ ಪೆಡಲ್ ಪೆಟ್ಟಿಗೆಯೊಳಗೆ ಕೂರಿಸಲಾಯಿತು. ಹೀಗೆ ಹುಟ್ಟಿದ ವಾ ಪೆಡಲ್ 1967ರಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷವೇ ಜಿಮಿ ಹೆಂಡ್ರಿಕ್ಸ್ 'ವೂಡೂ ಚೈಲ್ಡ್'ನಲ್ಲಿ ಅದರಿಂದ ಗಿಟಾರನ್ನು ಮಾತನಾಡಿಸಿದ.

ಆದರೆ ಆರ್ಗನ್ನಿನವರಾಗಲಿ, ಹಾರ್ಮೋನಿಯಂ ಮಾಸ್ತರರಾಗಲಿ ಕುಳಿತು ನುಡಿಸುವವರು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರರ ಹಾಗೆ ಎರಡು ಪಾದವೂ ಕೆಲಸಕ್ಕೆ ಸಿಗುತ್ತದೆ. ಗಿಟಾರಿನವರು ವೇದಿಕೆಯ ಮೇಲೆ ನಿಂತಿರುತ್ತಾರೆ. ಮೈಭಾರವನ್ನು ಒಂದು ಕಾಲು ಹೊರಲೇಬೇಕು, ಕೆಲಸಕ್ಕೆ ಸಿಗುವುದು ಇನ್ನೊಂದೇ. ಆದರೂ ಎಷ್ಟು ಪೆಡಲ್ ಎಂಬ ಲೆಕ್ಕವನ್ನು ಯಂತ್ರದ ಜಾಕುಗಳನ್ನು ಎಣಿಸಿ ಮಾಡುವವರೇ ಹೆಚ್ಚು. ಲೈನ್ 6 ಕಂಪನಿಯ ಹೀಲಿಕ್ಸ್‌ನಂಥ ಎಫೆಕ್ಟ್ಸ್ ಯಂತ್ರದಲ್ಲಿ ಒಂದು ಪೆಡಲ್ ಜೊತೆಗೇ ಬರುತ್ತದೆ, ಹೊರಗಿನಿಂದ ಇನ್ನಷ್ಟು ಜೋಡಿಸಲು ಜಾಕುಗಳಿವೆ. ಜಾಕ್ ಇದೆ ಎಂದು ಪೆಡಲ್ ತರುವುದು ನನಗೆ ಒಪ್ಪಿಗೆಯಿಲ್ಲ. ಲೆಕ್ಕ ಕಾಲಿನಿಂದ ಶುರುವಾಗಬೇಕು.

ಹಾಗಾದರೆ ಒಂದೇ ಸಾಲದೇ? ಮೊದಲು ಆ ಒಂದರ ಸುಖವನ್ನು ಹೇಳಿಬಿಡುತ್ತೇನೆ. ವಾಲ್ಯೂಮ್ ಪೆಡಲಿನ ಹಿಮ್ಮಡಿ ಕಡೆಯನ್ನು ಪೂರ್ತಿ ಒತ್ತಿ ದನಿ ಮುಚ್ಚಿ. ಈಗ ತಂತಿ ಮೀಟಿ. ಮೀಟಿದ 'ಟಣ್' ಯಾರಿಗೂ ಕೇಳಿಸುವುದಿಲ್ಲ. ತಕ್ಷಣ ಭಾರವನ್ನು ನಿಧಾನವಾಗಿ ಬೆರಳುಗಳ ಕಡೆಗೆ ಉರುಳಿಸಿ. ಹೊಡೆತವೇ ಇಲ್ಲದ ಸ್ವರವೊಂದು ಎಲ್ಲಿಂದಲೋ ಹೊರಟು, ಪಿಟೀಲಿನ ಕಮಾನಿನಿಂದ ಬಂದದ್ದೋ ಎಂಬಂತೆ ತುಂಬಿಕೊಳ್ಳುತ್ತದೆ. ಪೆಡಲಿನ ಹಾದಿಯ ಮೊದಲ ಮೂರನೆಯ ಒಂದು ಭಾಗದಲ್ಲೇ ಇದರ ಜೀವವಿರುವುದು. ಅಲ್ಲಿ ಅವಸರಪಟ್ಟರೆ ಸ್ವರ ಚಿಮ್ಮುತ್ತದೆ, ತಡಮಾಡಿದರೆ ತಂತಿಯ ನಾದ ಅಷ್ಟರಲ್ಲೇ ಬತ್ತಿರುತ್ತದೆ. ಪೆಡಲಿನ ನಂತರ ಡಿಲೇ ಇದ್ದರೆ, ಪಾದ ಹಿಂದಕ್ಕೆ ಬಂದು ಸ್ವರ ನಿಂತ ಮೇಲೂ ಅದರ ಪ್ರತಿಧ್ವನಿಗಳು ತೇಲುತ್ತಲೇ ಇರುತ್ತವೆ, ಅವುಗಳ ಮೇಲೆ ಮುಂದಿನ ಸ್ವರ ಅರಳುತ್ತದೆ. ಡೈರ್ ಸ್ಟ್ರೇಟ್ಸ್‌ನ 1985ರ 'ಬ್ರದರ್ಸ್ ಇನ್ ಆರ್ಮ್ಸ್' ಕೇಳಿದವರಿಗೆ ಹೀಗೆ ಊದಿಕೊಂಡು ಬರುವ ಗಿಟಾರಿನ ಪರಿಚಯ ಇದ್ದೇ ಇರುತ್ತದೆ. ಇದೇ ಪೆಡಲನ್ನು ದನಿಗೆ ಒರಟು ಕೊಡುವ ಡಿಸ್ಟಾರ್ಶನ್ನಿಗೆ ಮೊದಲು ಇಟ್ಟರೆ ಅದರ ಗುಣವೇ ಬೇರೆ. ಆಗ ದನಿ ಕುಗ್ಗುವುದಕ್ಕಿಂತ ಹೆಚ್ಚಾಗಿ ಅದರ ಒರಟು ಕರಗಿ ತಿಳಿಯಾಗುತ್ತದೆ. ನಾನು ಮೆಚ್ಚುವುದು ಡಿಸ್ಟಾರ್ಶನ್ ಆದ ಮೇಲೆ, ಡಿಲೇಗೆ ಮೊದಲು ಬರುವ ಜಾಗವನ್ನು.

ಈ ಒಂದೇ ಪೆಡಲ್ ವಾಲ್ಯೂಮನ್ನೂ ವಾವನ್ನೂ ಮಾಡುವಂತೆ ಮಾಡಬಹುದು. ಬೆರಳ ಕಡೆ ಗಟ್ಟಿಯಾಗಿ ಒತ್ತಿದರೆ ಅಡಿಯ ಸ್ವಿಚ್ಚು ಕೆಲಸ ಬದಲಿಸುತ್ತದೆ. ಕಾಗದದ ಮೇಲೆ ಚೆಂದ. ತೊಂದರೆ ಬರುವುದು ಹಾಡಿನ ನಡುವೆ. ದನಿಯನ್ನು ಅರ್ಧಕ್ಕೆ ಇಳಿಸಿಟ್ಟು ಹಾಡುಗಾರರ ಹಿಂದೆ ಮೆಲ್ಲಗೆ ನುಡಿಸುತ್ತಿದ್ದೀರಿ, ಎರಡು ಸಾಲಿಗೆ ವಾ ಬೇಕಾಗುತ್ತದೆ. ಸ್ವಿಚ್ಚನ್ನು ಮುಟ್ಟಲು ಪಾದ ತುದಿಯವರೆಗೆ ಹೋಗಲೇಬೇಕು, ಹೋಗುವ ದಾರಿಯಲ್ಲಿ ದನಿ ಪೂರ್ತಿ ತೆರೆದುಕೊಳ್ಳುತ್ತದೆ. ವಾ ಮುಗಿಸಿ ಮರಳುವಾಗ ಪಾದ ಇರುವ ಜಾಗಕ್ಕೂ ದನಿ ಇರಬೇಕಾದ ಜಾಗಕ್ಕೂ ಸಂಬಂಧವಿರುವುದಿಲ್ಲ. ಆದ್ದರಿಂದ ನನ್ನ ಮೊದಲ ತೀರ್ಮಾನ ಇದು: ವಾಲ್ಯೂಮಿಗೆ ಅದರದೇ ಒಂದು ಪೆಡಲ್ ಇರಬೇಕು, ಅದು ಯಾವ ಹಾಡಿಗೂ ಬೇರೆ ಕೆಲಸ ಮಾಡಬಾರದು. ಕಣ್ಣು ಹಾಯಿಸದೆ ಕಾಲು ಅದನ್ನು ನಂಬುವಂತಿರಬೇಕು.

ಎರಡನೆಯದಕ್ಕೆ ಸ್ವಾತಂತ್ರ್ಯವಿದೆ. ಹಾಡಿಗೊಂದು ವೇಷ. ಹಳೇ ಸಿನಿಮಾ ಗೀತೆಯ ಚುರುಕು ರಿದಮ್ಮಿಗೆ ಅದು ವಾ, ನಿಧಾನದ ಭಾವಗೀತೆಗೆ ಡಿಲೇ, ಇನ್ನೊಂದಕ್ಕೆ ಟ್ರೆಮೊಲೊದ ವೇಗ. ಇಲ್ಲಿ ಒಂದು ಕಸುಬಿನ ಮಾತು. ಪೆಡಲಿನ ಪೂರ್ತಿ ಹಾದಿಯನ್ನು 0ಯಿಂದ 100ಕ್ಕೆ ಹೊಂದಿಸುವುದು ಬೇಡ. ಡಿಲೇಯ ಪ್ರಮಾಣವನ್ನು ಹಿಮ್ಮಡಿಯಲ್ಲಿ 15, ಬೆರಳಲ್ಲಿ 40 ಎಂದು ಕಟ್ಟಿಹಾಕಿ ನೋಡಿ. ಪಾದ ಎಲ್ಲಿ ನಿಂತರೂ ಹಾಡಿಗೆ ಒಗ್ಗುವ ದನಿಯೇ ಬರುತ್ತದೆ. ಇಡೀ ಪಾದದ ಓಟ ಆ ಸಣ್ಣ ಅಂತರಕ್ಕೇ ಮೀಸಲಾದ್ದರಿಂದ ಕೂದಲೆಳೆಯಷ್ಟು ಬದಲಾವಣೆಯೂ ಹಿಡಿತಕ್ಕೆ ಸಿಗುತ್ತದೆ.

ಮೂರನೆಯದರ ಆಕರ್ಷಣೆ ದೊಡ್ಡದು, ಅದಕ್ಕೆ ಕಾರಣ 1989ರಲ್ಲಿ ಬಂದ ಡಿಜಿಟೆಕ್ ವ್ಹಾಮಿ. ಪಾದ ಬಾಗಿದರೆ ಸ್ವರವೇ ಮೇಲಿನ ಸ್ಥಾಯಿಗೆ ಜಾರಿಹೋಗುತ್ತದೆ. ಪಿಂಕ್ ಫ್ಲಾಯ್ಡ್‌ನ 1994ರ 'ಮರೂನ್ಡ್'ನಲ್ಲಿ ಡೇವಿಡ್ ಗಿಲ್ಮೋರ್ ಅದರಿಂದ ತೆಗೆದ ಮೀಂಡಿನಂಥ ಎಳೆತವನ್ನು ಕೇಳಿದ ಮೇಲೆ ಬೇಡ ಎನ್ನುವುದು ಕಷ್ಟ. ಮನೆಯಲ್ಲಿ ಸ್ಟೂಲಿನ ಮೇಲೆ ಕುಳಿತು ನುಡಿಸುವಾಗ ನಾನು ಮೂರನ್ನೂ ಹರಡಿಕೊಳ್ಳುತ್ತೇನೆ, ಎರಡು ಪಾದಕ್ಕೂ ಹಬ್ಬ. ನಿಂತಾಗ ಮಾತ್ರ ಮೂರನೆಯದು ಎಡಗಾಲಿನ ಪಾಲಿಗೆ ಬರುತ್ತದೆ. ಆಗ ಭಾರ ಒಂದು ಸೊಂಟದಿಂದ ಇನ್ನೊಂದಕ್ಕೆ ವಾಲಬೇಕು, ಗಿಟಾರಿನ ಕುತ್ತಿಗೆ ಅಲುಗುತ್ತದೆ, ತಾಳವೂ ಅಲುಗುತ್ತದೆ. ಪೆಡಲುಗಳನ್ನು ಜೋಡಿಸಿಟ್ಟ ಬೋರ್ಡಿನಲ್ಲಿ ಇಡೀ ಒಂದು ಹಲಗೆಯ ಅಗಲವನ್ನು ಅದು ನುಂಗುತ್ತದೆ, ಆಟೋದಲ್ಲಿ ತೊಡೆಯ ಮೇಲಿಟ್ಟು ಒಯ್ಯುವ ಪೆಟ್ಟಿಗೆಯ ತೂಕ ಬೇರೆ.

ಪಾದರಕ್ಷೆಯ ವಿಷಯವನ್ನು ಯಾರೂ ಹೇಳುವುದಿಲ್ಲ, ಹೇಳಬೇಕು. ಬರಿಗಾಲಿಗೆ ಪೆಡಲಿನ ಕೋನ ಚರ್ಮದಿಂದಲೇ ತಿಳಿಯುತ್ತದೆ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಚಪ್ಪಲಿ ಕಳಚಿ ವೇದಿಕೆ ಹತ್ತುವಾಗ ನನಗೆ ಅದೇ ಸಂತೋಷ. ದಪ್ಪ ಅಟ್ಟೆಯ ಶೂಗಳಲ್ಲಿ ಆ ಸೂಕ್ಷ್ಮ ಸಿಗುವುದಿಲ್ಲ, ಅವುಗಳ ಅಗಲವಾದ ಅಂಚು ಪಕ್ಕದ ಪೆಡಲನ್ನೂ ತುಳಿಯುತ್ತದೆ. ವೇದಿಕೆಯಲ್ಲಿ ಏನು ಹಾಕಿಕೊಳ್ಳುತ್ತೀರೋ ಅದನ್ನೇ ಹಾಕಿಕೊಂಡು ಅಭ್ಯಾಸ ಮಾಡಿ. ಎರಡು ಪೆಡಲುಗಳ ನಡುವೆ ನಾಲ್ಕು ಬೆರಳಿನ ಜಾಗ ಬಿಡಿ.

ನಿಂತು ನುಡಿಸುವವರಿಗೆ ಎರಡು. ಇದು ನನ್ನ ಖಚಿತವಾದ ಅಭಿಪ್ರಾಯ. ಹೊಸಬರು ಮೊದಲು ವಾಲ್ಯೂಮ್ ಪೆಡಲ್ ಒಂದನ್ನೇ ಕೊಂಡು ಒಂದು ಡಿಲೇಯ ಜೊತೆ ಕೆಲವು ತಿಂಗಳು ನುಡಿಸಲಿ. ಎರಡನೆಯದು ಯಾವುದಕ್ಕೆ ಬೇಕು ಎಂಬುದನ್ನು ಅವರು ನುಡಿಸುವ ಹಾಡುಗಳೇ ಹೇಳುತ್ತವೆ. ಅದನ್ನು ಕೊಳ್ಳುವ ಮುನ್ನ ಅದರ ವೈರಿಂಗ್ ನಿಮ್ಮ ಯಂತ್ರಕ್ಕೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ಜೋಡಿಸಿ ನೋಡಿ. ಎಕ್ಸ್‌ಪ್ರೆಶನ್ ಪೆಡಲಿನ ಮೂರು ಸಂಪರ್ಕದ ಜಾಕಿನಲ್ಲಿ ತುದಿ ಮತ್ತು ಉಂಗುರದ ಸಂಪರ್ಕವನ್ನು ಎಲ್ಲ ಕಂಪನಿಗಳೂ ಒಂದೇ ಥರ ಇಟ್ಟಿಲ್ಲ.