ಕಂಬಳಿಯ ಅಂಚು

ಕೆಲವರಿಗೆ ಹಳೆಯ ಗ್ರಂಥಗಳ ಮೋಹ. ನನಗೆ ಹಳೆಯ ಕಂಬಳಿಗಳ ಮೋಹ. ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ, ನಮ್ಮ ಗೊರೇಬಾಳದ ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆಗೆ ಹೋದರೂ ಮಡಿಸಿಟ್ಟ ಕಂಬಳಿಯನ್ನು ಬಿಚ್ಚಿಸಿ ನೋಡುವುದು ನನ್ನ ವಾಡಿಕೆಯಾಗಿದೆ.

ಈ ಕಂಬಳಿಗಳಿಗೆ ಕುರಿಯ ಮೈಬಣ್ಣವೇ ಬಣ್ಣ. ದಖ್ಖನಿ ಕುರಿಯ ಕಪ್ಪು, ಕಂದು, ಬಿಳಿ ಉಣ್ಣೆಗಳಿಂದಲೇ ನೇಕಾರನು ಅಂಚಿನ ಪಟ್ಟೆಗಳನ್ನು ಹೊಂದಿಸುತ್ತಾನೆ. ಕತ್ತರಿಸಿದ ಉಣ್ಣೆಯನ್ನು ಹಿಂಜಿದ ಬಳಿಕ ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸುತ್ತಾರೆ. ಆಗ ಅದು ಮಗ್ಗದ ಎಳೆತವನ್ನು ತಾಳುತ್ತದೆ. ಆಮೇಲೆ ಗುಂಡಿಮಗ್ಗದಲ್ಲಿ ನೇಯ್ಗೆ. ಉಣ್ಣೆಯಲ್ಲಿ ಸಹಜವಾಗಿರುವ ಜಿಡ್ಡಿನಿಂದ ಮಳೆಹನಿ ಬೇಗನೆ ಒಳಗಿಳಿಯದು. ಕುರಿಗಾಹಿಗೆ ಅದು ಮಳೆಯಲ್ಲಿ ಗೊಪ್ಪೆ, ರಾತ್ರಿಯಲ್ಲಿ ಹಾಸಿಗೆ, ಹಬ್ಬದಂದು ದೇವರ ಗದ್ದುಗೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡಿತು. ಮುಂದೆ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಸೀಮೆಗೆ ಹರಿದು, ಬಯಲು ಬತ್ತದ ಗದ್ದೆಯಾಯಿತು. ಊರಿಗೆ ಅನ್ನ ಬಂದಿತು. ಅದರ ಉಪಕಾರವನ್ನು ಮರೆಯಲಾಗದು. ಆದರೆ ಕುರಿಗಳ ಮೇವಿನ ನೆಲ ಕಿರಿದಾಯಿತು. ಗಿರಣಿಯ ಹಗುರವಾದ ರಗ್ಗುಗಳು ಅಗ್ಗವಾಗಿ ಬಂದವು. ಮಗ್ಗದ ಸದ್ದು ಕಡಿಮೆಯಾಯಿತು.

ಪಟ್ಟೆಯೊಂದಕ್ಕೆ ಎಷ್ಟು ಎಳೆ, ಎರಡು ಪಟ್ಟೆಗಳ ನಡುವೆ ಎಷ್ಟು ಎಡೆ ಎಂಬ ಲೆಕ್ಕ ತಂದೆಯ ಕೈಯಿಂದ ಮಗನ ಕೈಗೆ ಬಂದದ್ದು. ಮಗನು ಮಗ್ಗಕ್ಕೆ ಇಳಿಯದಿದ್ದರೆ ಆ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಮಕ್ಕಳೇ, ನಿಮ್ಮ ಮನೆಯಲ್ಲಿ ಹಳೆಯ ಕಂಬಳಿಯಿದ್ದರೆ ಬಿಸಿಲಿಗೆ ಹರವಿ ಅಂಚಿನ ಎಳೆಗಳನ್ನು ಎಣಿಸಿರಿ, ನೇಯ್ದವರಿದ್ದರೆ ಕೇಳಿರಿ, ಕೇಳಿದ್ದನ್ನು ಬರೆದಿಡಿರಿ.