ಹಡಗಿನ ಬಕ್ಷೀಸು

ಬಕ್ಷೀಸು ಎಂಬ ಮಾತು ಮುಂಬಯಿ ಕನ್ನಡಿಗರಿಗೆ ಹೊಸದೇನಲ್ಲ. ನಮ್ಮಲ್ಲಿ ಎಷ್ಟೋ ಮನೆತನಗಳು ತಲೆಯೆತ್ತಿದ್ದು ಹೋಟೆಲಿನ ಬಸಿಯಲ್ಲಿ ಬಿದ್ದ ಚಿಲ್ಲರೆಯಿಂದಲೇ. ಆದರೆ ನಾವು ಜೇಬಿಗೆ ಕೈಹಾಕುವ ಮೊದಲೇ ನಮ್ಮ ಹೆಸರಿನಲ್ಲಿ ಲೆಕ್ಕ ಬರೆದುಕೊಂಡುಬಿಡುವ ಬಕ್ಷೀಸನ್ನು ನಾವು ಕಂಡದ್ದು ೨೦೨೪ರ ಜೂನ್ ತಿಂಗಳಲ್ಲಿ, ಅಮೆರಿಕದ ಸಿಯಾಟಲ್ ಬಂದರಿನಿಂದ ಅಲಾಸ್ಕಾದ ಕಡೆಗೆ ಹೊರಟ ಒಂದು ವಿಹಾರದ ಹಡಗಿನಲ್ಲಿ.

ಮಗನ ಮನೆಗೆಂದು ಹೋಗಿದ್ದೆವು. ಅಪ್ಪ ಅಮ್ಮ ಬಂದಾಗಲೆಲ್ಲ ಮನೆಯಲ್ಲೇ ಕುಳಿತು ಅನ್ನ ಹುಳಿ ಉಂಡು ಹಿಂದಿರುಗುತ್ತಾರೆಂಬ ಕೊರಗು ಅವನಿಗೆ. ನಮ್ಮಿಬ್ಬರಿಗೂ ಏಳು ರಾತ್ರಿಯ ಟಿಕೆಟು ತೆಗೆಸಿಯೇಬಿಟ್ಟ. ಊಟ, ತಿಂಡಿ, ಹಾಸಿಗೆ ಎಲ್ಲವೂ ಅದರಲ್ಲೇ ಬಂತು, ಬಕ್ಷೀಸೊಂದು ಮಾತ್ರ ಬೇರೆ ಎಂದೂ ಹೇಳಿದ್ದ. ಅದು ತಲೆಯೊಂದಕ್ಕೆ ದಿನಕ್ಕೆ ೧೬ ಡಾಲರು. ಇಬ್ಬರಿಗೆ ಏಳು ದಿನಕ್ಕೆ ೨೨೪. ಆಗಿನ ದರದಲ್ಲಿ ಹದಿನೆಂಟು ಸಾವಿರದ ಮೇಲೆ ಏಳುನೂರು ರೂಪಾಯಿ! ನಮ್ಮ ಮುಂಬಯಿ ಮನೆಗೆ ಬರುವ ಬಾಯಿಗೆ ಇದು ಎಷ್ಟು ತಿಂಗಳ ಸಂಬಳವಾದೀತೆಂದು ಮನಸ್ಸು ತಾನಾಗಿಯೇ ಭಾಗಾಕಾರಕ್ಕೆ ಕುಳಿತಿತು. ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಅವಳು ಕಲಬುರ್ಗಿಯ ಕಡೆಯವಳು. ಅವಳ ಮಗಳಿಗೆ ಕನ್ನಡ ಓದಲು ಬರುತ್ತದೆ.

ನಮ್ಮ ಹಡಗೊಂದರ ಮಾತಲ್ಲ ಇದು. ಅಮೆರಿಕದ ದೊಡ್ಡ ದೊಡ್ಡ ಕಂಪೆನಿಗಳ ಹಡಗುಗಳಲ್ಲೆಲ್ಲ ಈ ದರ ಹದಿನಾರರಿಂದ ಇಪ್ಪತ್ತು ಡಾಲರಿನ ಆಸುಪಾಸಿನಲ್ಲಿದೆ. ದೊಡ್ಡ ಕೋಣೆ ಹಿಡಿದವರಿಗೆ ಇನ್ನೂ ಹೆಚ್ಚು. ಹಿಂದಿನ ಪದ್ಧತಿ ಬೇರೆ. ಪ್ರಯಾಣದ ಕೊನೆಯ ಸಂಜೆ ಕೋಣೆಯಲ್ಲಿ ಖಾಲಿ ಲಕೋಟೆಗಳನ್ನಿಟ್ಟಿರುತ್ತಿದ್ದರು. ಕೋಣೆ ನೋಡಿಕೊಂಡ ಸ್ಟೂವರ್ಡಿಗೊಂದು, ಬಡಿಸಿದವನಿಗೊಂದು, ಅವನ ಕೈಕೆಳಗಿನ ಹುಡುಗನಿಗೊಂದು. ಒಳಗೆ ನೋಟಿಟ್ಟು ಅವರವರ ಕೈಗೆ ಕೊಡಬೇಕು. ಲಕೋಟೆಗೆ ಅಂಜಿ ಅಂದಿನ ಊಟವನ್ನೇ ತಪ್ಪಿಸಿಕೊಳ್ಳುವ ಪುಣ್ಯಾತ್ಮರೂ ಇದ್ದರು. ಲಕೋಟೆ ಹೋಗಿ ಲೆಕ್ಕದ ಪುಸ್ತಕ ಬಂದದ್ದಕ್ಕೆ ಅವರ ಕಾಣಿಕೆಯೂ ಇದ್ದೀತು.

ನಾವು ಹಡಗು ಹತ್ತಿದ ಸಿಯಾಟಲ್ ಇರುವುದು ವಾಷಿಂಗ್ಟನ್ ಸಂಸ್ಥಾನದಲ್ಲಿ. ೧೯೦೯ರಲ್ಲಿ ಬಕ್ಷೀಸನ್ನೇ ಕಾಯಿದೆ ಮಾಡಿ ನಿಷೇಧಿಸಿದ ಸಂಸ್ಥಾನ ಅದು. ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಕಾಯಿದೆ ನಾಲ್ಕು ವರ್ಷವಷ್ಟೇ ಬಾಳಿತು, ೧೯೧೩ರಲ್ಲಿ ರದ್ದಾಯಿತು. ಜನರ ಕೈಯನ್ನು ಜೇಬಿನೊಳಗೇ ಕಟ್ಟಿಹಾಕುವುದು ಸರಕಾರಕ್ಕೂ ಸಾಧ್ಯವಾಗಲಿಲ್ಲ.

ನಮ್ಮ ಕೋಣೆಯ ಸ್ಟೂವರ್ಡು ಗೋವೆಯ ಹುಡುಗ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರು, ಅದರ ಕೆಳಗೆ ‘ಇಂಡಿಯಾ’. ನಮ್ಮ ಮನೆಯವರು ಕಾರವಾರದವರು. ಮೊದಲ ದಿನವೇ ಕೊಂಕಣಿಯಲ್ಲಿ “ಊರು ಯಾವುದು?” ಎಂದು ಕೇಳಿಬಿಟ್ಟರು. ಅಲ್ಲಿಯವರೆಗೆ “ಮೇಡಂ, ಮೇಡಂ” ಎನ್ನುತ್ತಿದ್ದವನು ಒಮ್ಮೆಲೇ “ಬಾಯ್” ಎಂದ. ಅವನ ಅಜ್ಜನೂ ಹಡಗಿನ ಸ್ಟೂವರ್ಡನಂತೆ. ಹಡಗು ಸಿಗುವವರೆಗೆ ಮುಂಬಯಿಯ ಧೋಬಿತಲಾವಿನ ಕೂಡಿನಲ್ಲಿ ಟ್ರಂಕಿಟ್ಟುಕೊಂಡು ಕಾದಿರುತ್ತಿದ್ದನಂತೆ. ಆ ಕಡೆ ಓಡಾಡಿದ ವಾಚಕರಿಗೆ ಈ ಕೂಡುಗಳು ಗೊತ್ತು: ಗೋವೆಯ ಒಂದೊಂದು ಊರಿನವರು ಕೂಡಿ ನಡೆಸುವ ವಸತಿ, ಗೋಡೆಯುದ್ದಕ್ಕೂ ಟ್ರಂಕುಗಳ ಸಾಲು, ಮೂಲೆಯಲ್ಲಿ ದೇವರ ಪೀಠ. ನಮ್ಮ ಹೋಟೆಲು ಹುಡುಗರು ಮೇಜು ಸೇರಿಸಿ ಮಲಗುತ್ತಿದ್ದ ಕಾಲದಲ್ಲೇ ಅವರು ಅಲ್ಲಿ ಟ್ರಂಕಿನ ಪಕ್ಕದಲ್ಲಿ ಮಲಗುತ್ತಿದ್ದರು.

ಇವನ ಪಾಲಿಗೆ ಹದಿನೆಂಟು ಕೋಣೆಗಳು. ಬೆಳಗ್ಗೆ ನಾವು ತಿಂಡಿಗೆ ಹೋಗಿ ಬರುವಷ್ಟರಲ್ಲಿ ಹಾಸಿಗೆಯಲ್ಲಿ ಒಂದು ಸುಕ್ಕಿರುವುದಿಲ್ಲ, ಸ್ನಾನದ ಮನೆಯಲ್ಲಿ ಒಂದು ಹನಿ ನೀರಿರುವುದಿಲ್ಲ, ಟವೆಲಿನಿಂದ ಮಡಿಚಿದ ಆನೆಯೊಂದು ಮಂಚದ ಮೇಲೆ ಕುಳಿತಿರುತ್ತದೆ. ಮರುದಿನ ಹಂಸ. ಅದರ ಮರುದಿನ ಬಟ್ಟೆಯ ಹ್ಯಾಂಗರಿಗೆ ಜೋತ ಕೋತಿ. ನಮ್ಮ ಮನೆಯವರಂತೂ ಅವನು ಬರುವ ಮೊದಲೇ ಎದ್ದು ಹಾಸಿಗೆ ಕೊಡವಿ, ಸೋಪಿನ ಬಟ್ಟಲು ತೊಳೆದು, ಕೋಣೆಯನ್ನು ಚೊಕ್ಕಟ ಮಾಡಿಡುತ್ತಿದ್ದರು. “ನೋಡಿದವರು ಏನೆಂದುಕೊಂಡಾರು!” ಮುಂಬಯಿಯಲ್ಲೂ ಅಷ್ಟೆ, ಬಾಯಿ ಬರುವ ಮೊದಲು ಅರ್ಧ ಪಾತ್ರೆ ಬೆಳಗಿಡುವ ಜಾತಿ ನಮ್ಮದು.

ಎಲ್ಲರೂ ಹೀಗೆಯೇ ಎನ್ನಲಾಗದು. ನಮ್ಮ ಸಾಲಿನಲ್ಲಿ ಪುಣೆಯಿಂದಲೂ ಠಾಣೆಯಿಂದಲೂ ಬಂದ ಮೂರು ಕುಟುಂಬಗಳಿದ್ದವು. ಒಳ್ಳೆಯ ಜನ, ಊಟದ ಮೇಜೂ ಒಂದೇ. ಒಬ್ಬರಿಗೆ ಸ್ನಾನದ ಮನೆಯಲ್ಲಿ ಚೊಂಬು ಬೇಕು. ಬೇಡಿಕೆ ನ್ಯಾಯವಾದದ್ದೇ, ಹುಡುಗ ಎಲ್ಲಿಂದಲೋ ಪ್ಲಾಸ್ಟಿಕ್ಕಿನ ಜಗ್ಗೊಂದನ್ನು ತಂದುಕೊಟ್ಟ. ಇನ್ನೊಬ್ಬರ ಚಹಾದ ವಿದ್ಯುತ್ ಕೆಟಲನ್ನು ಹಡಗಿನವರು ಹತ್ತುವಾಗಲೇ ತೆಗೆದಿಟ್ಟುಕೊಂಡಿದ್ದರು. ಬೆಂಕಿಯ ಭಯದಿಂದ ಕೆಟಲು, ಇಸ್ತ್ರಿಪೆಟ್ಟಿಗೆಗಳನ್ನು ಕೋಣೆಯೊಳಗೆ ಬಿಡುವುದಿಲ್ಲ. ಹೋಗುವವರು ಇದನ್ನು ನೆನಪಿಡುವುದು ಒಳ್ಳೆಯದು. ಅವರಿಗೆ ಉಪ್ಪಿಟ್ಟಿನ ಪೊಟ್ಟಣ ನೆನೆಸಲು ಹೊತ್ತು ಹೊತ್ತಿಗೆ ಬಿಸಿನೀರು ಬೇಕು. ಮೂರನೆಯವರಿಗೆ ದಿನಕ್ಕೆ ಆರು ಟವೆಲು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಕರೆಯುವ ರೀತಿಯೊಂದಿದೆಯಲ್ಲ! ಚಿಟಿಕೆ ಹೊಡೆದು ಕರೆಯುವುದನ್ನು ನಾವು ಬಿಟ್ಟು ಎಷ್ಟು ಕಾಲವಾಯಿತೆಂದುಕೊಂಡಿದ್ದೆವೋ, ಅದು ಅಲಾಸ್ಕಾದ ನೀರಿನಲ್ಲಿ ಮತ್ತೆ ಕೇಳಿಬಂತು.

ಮೂರನೆಯ ದಿನ ಊಟದ ಮೇಜಿನಲ್ಲಿ ಈ ಬಕ್ಷೀಸಿನ ಮಾತು ಎದ್ದಿತು. ಕೋಣೆಯನ್ನು ದಿನಕ್ಕೆ ಒಂದೇ ಸಲ ಸ್ವಚ್ಛಮಾಡುತ್ತಾರೆ, ಮೊದಲೆಲ್ಲ ಎರಡು ಹೊತ್ತು ಬರುತ್ತಿದ್ದರು, ಅರ್ಧ ಕೆಲಸಕ್ಕೆ ಪೂರ್ತಿ ಬಕ್ಷೀಸೇಕೆ ಎಂದು ಪುಣೆಯವರ ವಾದ. ಕೆಳಗಿನ ಕೌಂಟರಿಗೆ ಹೋಗಿ ಹೇಳಿದರೆ ಲೆಕ್ಕದಿಂದ ತೆಗೆದುಹಾಕುತ್ತಾರಂತೆ. ಎಲ್ಲರೂ ಕೂಡಿ ತೆಗೆಸಿಬಿಡೋಣ, ಹುಡುಗನ ಕೈಯಲ್ಲಿ ಇಪ್ಪತ್ತೋ ಮೂವತ್ತೋ ಡಾಲರು ಇಟ್ಟರಾಯಿತು, ಅವನಿಗೂ ನೇರವಾಗಿ ಸಿಕ್ಕಂತಾಯಿತು ಎಂದರು. ನಮ್ಮ ಕಡೆಗೂ ನೋಡಿದರು. ಪರಊರಿನಲ್ಲಿ ನಾಲ್ಕು ಮಂದಿ ನಮ್ಮವರು ಒಂದು ಮಾತೆಂದಾಗ ಬೇರೆಯಾಗುವುದು ಸುಲಭವಲ್ಲ. ಆದರೂ ನಾವು “ನಮ್ಮದು ಇರಲಿ, ತೆಗೆಸುವುದಿಲ್ಲ” ಎಂದೆವು. ಮೇಜಿನಲ್ಲಿ ಸ್ವಲ್ಪ ಹೊತ್ತು ಚಮಚಗಳ ಸದ್ದಷ್ಟೇ ಕೇಳಿಸಿತು.

ಹಾಗೆ ಹೇಳಿಸಿದವರು ನಮ್ಮ ತೀರ್ಥರೂಪರು. ಅವರು ೧೯೫೧ರಲ್ಲಿ ಹನ್ನೆರಡು ವರ್ಷದ ಹುಡುಗನಾಗಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸಕ್ಕೆ ನಿಂತರು. ಗಿರಾಕಿ ಇಟ್ಟ ಒಂದಾಣೆ ಬಡಿಸಿದ ಮಾಣಿಯ ಜೇಬಿಗೆ ಹೋಗುತ್ತಿತ್ತು. ಅದೇ ಬಸಿ ಆಣೆ ಕಳೆದುಕೊಂಡು, ಬರೀ ಚಹಾದ ಕಲೆಯೊಡನೆ ಹಿಂದಿನ ಮೋರಿಗೆ ಬರುತ್ತಿತ್ತು. ಸೋಡಾಪುಡಿಗೆ ಬೆರಳಸಂದಿ ಬಿರಿದ ಹುಡುಗನನ್ನು ಯಾವ ಗಿರಾಕಿಯೂ ಕಂಡವನಲ್ಲ. ಕಾಣದವನಿಗೆ ಯಾರು ಕೊಟ್ಟಾರು? ಮುಂದೆ ಸೇರಿದ ಇನ್ನೊಂದು ಹೋಟೆಲಿನಲ್ಲಿ ಯಜಮಾನರು ಗಲ್ಲೆಯ ಪಕ್ಕದಲ್ಲಿ ಡಬ್ಬಿಯೊಂದನ್ನು ಇಡಿಸಿದರು. ಬಂದ ಬಕ್ಷೀಸೆಲ್ಲ ಅದಕ್ಕೆ ಬೀಳಬೇಕು. ಶನಿವಾರ ರಾತ್ರಿ ತೊಳೆಯುವವನಿಂದ ಹಿಡಿದು ಎಲ್ಲರಿಗೂ ಪಾಲು. ತೀರ್ಥರೂಪರಿಗೆ ಮೊದಲ ಸಲ ಸಿಕ್ಕ ಪಾಲಿನಲ್ಲಿ ರಾತ್ರಿಶಾಲೆಯ ಪುಸ್ತಕ ಬಂತು. ಇದನ್ನು ಅವರು ಹೇಳುವಾಗ ಮುಖ ಅರಳುತ್ತಿತ್ತು. ಆದರೆ ಲೆಕ್ಕದ ಮನುಷ್ಯ. ಕಥೆಯ ಉಳಿದರ್ಧವನ್ನೂ ಬಿಡುತ್ತಿರಲಿಲ್ಲ. ಡಬ್ಬಿ ಬಂದಮೇಲೆ ಆ ಯಜಮಾನರು ಎರಡು ವರ್ಷ ಯಾರ ಸಂಬಳವನ್ನೂ ಏರಿಸಲಿಲ್ಲ. ಕೇಳಿದರೆ “ಡಬ್ಬಿಯಿದೆಯಲ್ಲ!” ಎನ್ನುತ್ತಿದ್ದರಂತೆ.

ಹಡಗಿನ ಹದಿನಾರು ಡಾಲರು ಆ ಡಬ್ಬಿಯೇ. ಅದು ಒಬ್ಬನಿಗೆ ಹೋಗುವುದಲ್ಲ. ಕೋಣೆಯವರಿಗೆ, ಬಡಿಸುವವರಿಗೆ, ನಾವು ಮುಖವನ್ನೇ ಕಾಣದ ಇನ್ನೆಷ್ಟೋ ಕೆಲಸದವರಿಗೆ ಹಂಚಿಹೋಗುತ್ತದೆ. ಮೂಲ ಸಂಬಳ ಚಿಕ್ಕದು. ಸ್ಟೂವರ್ಡಿನ ಕೈಗೆ ಬರುವ ಹಣದಲ್ಲಿ ದೊಡ್ಡ ಪಾಲು ಇದೇ. ಕಂಪೆನಿಯ ಕಚೇರಿ ಅಮೆರಿಕದಲ್ಲಿ, ಹಡಗಿನ ಬಾವುಟ ಬಹಾಮಾಸಿನದೋ ಪನಾಮಾದ್ದೋ, ಕೆಲಸದವರು ಫಿಲಿಪೈನ್ಸ್, ಇಂಡೊನೇಷಿಯ, ಇಂಡಿಯಾಗಳವರು. ಯಾವ ದೇಶದ ಕೂಲಿಯ ಕಾಯಿದೆ ಇವರನ್ನು ಕಾಯಬೇಕು? ೨೦೦೬ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು ನಾವಿಕರ ಕೆಲಸದ ಬಗ್ಗೆ ಒಂದು ಒಪ್ಪಂದ ಮಾಡಿದರು. ಅದು ೨೦೧೩ರಲ್ಲಿ ಜಾರಿಗೆ ಬಂತು, ೨೦೧೫ರಲ್ಲಿ ಭಾರತವೂ ಒಪ್ಪಿತು. ಅದರಂತೆ ದಿನಕ್ಕೆ ಹತ್ತು ಗಂಟೆಯಾದರೂ ವಿಶ್ರಾಂತಿ ಕೊಡಬೇಕು. ಅದನ್ನು ಎರಡು ತುಂಡು ಮಾಡಬಹುದು, ಒಂದು ತುಂಡು ಆರು ಗಂಟೆಗೆ ಕಡಿಮೆಯಾಗಬಾರದು. ಭಾನುವಾರವೆಂಬುದು ಇವರ ಪಂಚಾಂಗದಲ್ಲಿಲ್ಲ. ಒಂದೊಂದು ಕರಾರು ಆರು ತಿಂಗಳು, ಎಂಟು ತಿಂಗಳು. ಅಷ್ಟು ದಿನವೂ ಕೆಲಸ.

ದಿನಕ್ಕೆ ಒಂದೇ ಸಲ ಬರುತ್ತಾರೆಂಬ ಪುಣೆಯವರ ದೂರು ಸುಳ್ಳಲ್ಲ. ೨೦೨೦ರ ಮಾರ್ಚಿಯಲ್ಲಿ ಕೋವಿಡ್ಡಿನಿಂದಾಗಿ ಹಡಗುಗಳೆಲ್ಲ ನಿಂತುಹೋದವು. ಮತ್ತೆ ಹೊರಟಮೇಲೆ ಹಲವು ಕಂಪೆನಿಗಳು ಎರಡು ಹೊತ್ತಿನ ಸೇವೆಯನ್ನು ಒಂದು ಹೊತ್ತಿಗೆ ಇಳಿಸಿದವು. ಬಕ್ಷೀಸಿನ ದರವನ್ನು ಮಾತ್ರ ಇಳಿಸಲಿಲ್ಲ, ಏರಿಸಿದವು. ಆದರೆ ಹಾಗೆ ಮಾಡಿದವನು ನಮ್ಮ ಕೋಣೆಯ ಹುಡುಗನಲ್ಲವಷ್ಟೆ. ಒಂದು ಹೊತ್ತಿನ ಕೆಲಸ ಕಡಿಮೆಯಾಗಿ ಅವನಿಗೆ ಬಿಡುವಾಯಿತೇ ಎಂದರೆ ಅದೂ ಇಲ್ಲ. “ಮೊದಲು ಕೋಣೆಗಳು ಕಡಿಮೆ ಇದ್ದವು ಬಾಯ್, ಈಗ ಹೆಚ್ಚು ಕೊಟ್ಟಿದ್ದಾರೆ” ಎಂದ.

ಕೌಂಟರಿನಲ್ಲಿ ತೆಗೆಸಿ ಕೈಯಲ್ಲಿ ಕೊಡುವ ಮಾತನ್ನು ಮನೆಯವರು ಸುತ್ತಿ ಬಳಸಿ ಅವನಲ್ಲೇ ಕೇಳಿದರು. ಅವನು ಕೂಡಲೇ ಉತ್ತರ ಕೊಡಲಿಲ್ಲ. ದಿಂಬಿಗೆ ಚೀಲ ತೊಡಿಸಿ, ಅದನ್ನು ಎರಡು ಸಲ ತಟ್ಟಿ, ಆಮೇಲೆ ಹೇಳಿದ: ಲೆಕ್ಕದಲ್ಲಿ ಇಟ್ಟವರು ಮೇಲಿಂದ ಕೊಟ್ಟರೆ ಅದು ಅವನದೇ. ತೆಗೆಸಿದವರು ಕೊಟ್ಟದ್ದನ್ನು ಮಾತ್ರ ಮೇಲಿನವರಿಗೆ ಒಪ್ಪಿಸಬೇಕು. ಯಾರು ಇಟ್ಟರು ಯಾರು ತೆಗೆಸಿದರು ಎಂಬ ಪಟ್ಟಿ ಅವರಲ್ಲಿರುತ್ತದೆ. ಎಲ್ಲ ಹಡಗಿನಲ್ಲೂ ಹೀಗೆಯೇ ಎಂದಲ್ಲ, ತಮ್ಮದರಲ್ಲಿ ಹೀಗೆ. “ನಾನು ಹೇಳಿದೆನೆಂದು ಹೇಳಬೇಡಿ” ಎಂದೂ ಸೇರಿಸಿದ. ಅದಕ್ಕೇ ಇಲ್ಲಿ ಹಡಗಿನ ಹೆಸರನ್ನೂ ಬರೆದಿಲ್ಲ, ಹುಡುಗನ ಹೆಸರನ್ನೂ ಬರೆದಿಲ್ಲ.

ಕಂಪೆನಿಯೇ ಸರಿಯಾದ ಸಂಬಳ ಕೊಟ್ಟು ಈ ರಗಳೆಯನ್ನು ಮುಗಿಸಬಾರದೇ ಎಂದು ವಾಚಕರು ಕೇಳಬಹುದು. ನಾವೂ ಅದನ್ನೇ ಕೇಳುತ್ತೇವೆ. ಆಗದ ಮಾತೇನೂ ಅಲ್ಲ. ಇಂಗ್ಲೆಂಡಿನ ಪಿ ಅಂಡ್ ಓ ಕ್ರೂಸಸ್ ೨೦೧೯ರಲ್ಲಿ ದಿನದ ಈ ವಂತಿಗೆಯನ್ನು ನಿಲ್ಲಿಸಿ ಟಿಕೆಟಿನಲ್ಲೇ ಸೇರಿಸಿಕೊಂಡಿತು. ಹಾಲೆಂಡ್ ಅಮೆರಿಕ ಲೈನಿನವರು ಇದಕ್ಕೆ ತಿರುಗು. ಬಕ್ಷೀಸು ಕಡ್ಡಾಯವಲ್ಲವೆಂದು ಬಹುಕಾಲ ಹೆಮ್ಮೆಯಿಂದ ಹೇಳಿಕೊಂಡವರು ೨೦೦೪ರಲ್ಲಿ ತಾವೂ ದಿನದ ಲೆಕ್ಕಕ್ಕೆ ಇಳಿದರು. ಅಮೆರಿಕದ ಪುಲ್‌ಮನ್ ರೈಲುಗಳಲ್ಲಿ ಹಾಸಿಗೆ ಹಾಸುತ್ತಿದ್ದ ನೀಗ್ರೋ ಪೋರ್ಟರುಗಳ ಕಥೆಯೂ ಇದೇ. ಅವರ ಸಂಬಳ ಅತ್ಯಲ್ಪ, ಬದುಕೆಲ್ಲ ಬಕ್ಷೀಸಿನ ಮೇಲೆ. ಅವರ ಹೆಸರು ಕೇಳುವ ಗೋಜೂ ಇರಲಿಲ್ಲ. ಯಜಮಾನ ಜಾರ್ಜ್ ಪುಲ್‌ಮನ್ನನ ಹೆಸರು ಹಿಡಿದು ಎಲ್ಲರನ್ನೂ “ಜಾರ್ಜ್” ಎಂದೇ ಕರೆಯುತ್ತಿದ್ದರು. ೧೯೨೫ರಲ್ಲಿ ಫಿಲಿಪ್ ರ‍್ಯಾಂಡಾಲ್ಫರ ಮುಂದಾಳುತನದಲ್ಲಿ ಸಂಘ ಕಟ್ಟಿಕೊಂಡು, ಹನ್ನೆರಡು ವರ್ಷ ಹೋರಾಡಿ, ೧೯೩೭ರಲ್ಲಿ ಕಂಪೆನಿಯೊಡನೆ ಸಂಬಳದ ಕರಾರು ಬರೆಸಿಕೊಂಡರು. ಅವರಿಗೆ ಬೇಕಾಗಿದ್ದದ್ದು ದೊಡ್ಡ ಬಕ್ಷೀಸಲ್ಲ. ಆದರೆ ಕರಾರು ಬರುವವರೆಗಿನ ಹನ್ನೆರಡು ವರ್ಷ ಯಾವ ಪ್ರಯಾಣಿಕನಾದರೂ “ನಿಮಗೆ ಸಂಬಳ ಬರಬೇಕಾದ್ದು ನ್ಯಾಯ, ಆದ್ದರಿಂದ ನಾನು ಏನೂ ಕೊಡುವುದಿಲ್ಲ” ಎಂದಿದ್ದರೆ, ಅವನ ತತ್ತ್ವಜ್ಞಾನದಿಂದ ಪೋರ್ಟರನ ಮನೆಯ ಒಲೆ ಉರಿಯುತ್ತಿರಲಿಲ್ಲ.

ಹೋಗುವವರಿಗೆ ಇನ್ನೊಂದೆರಡು ಮಾತು. ಬೆಳಗ್ಗೆ ಬೇಕೋ ಸಂಜೆ ಬೇಕೋ ಎಂದು ಸ್ಟೂವರ್ಡಿಗೆ ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು. ಅವನ ಹದಿನೆಂಟು ಕೋಣೆಗಳ ಸರದಿ ಅದರಿಂದ ಕೂಡಿಬರುತ್ತದೆ. ಕೆಲಸ ಮೆಚ್ಚಿದರೆ ಪ್ರಯಾಣ ಮುಗಿದಮೇಲೆ ಕಂಪೆನಿ ಕೇಳುವ ಅಭಿಪ್ರಾಯದಲ್ಲಿ ಅವನ ಹೆಸರನ್ನು ಬರೆಯಿರಿ. ಬಡ್ತಿಗೆ, ಮುಂದಿನ ಕರಾರಿಗೆ ಅದು ಲೆಕ್ಕಕ್ಕೆ ಬರುತ್ತದೆಂದು ಹುಡುಗನೇ ಹೇಳಿದ. ಮೆಚ್ಚದಿದ್ದರೆ ಕೊನೆಯ ದಿನ ಕೌಂಟರಿಗೆ ಓಡುವುದಕ್ಕಿಂತ ಎರಡನೆಯ ದಿನವೇ ಅವನಿಗೆ ಹೇಳಿದರೆ ಸರಿಯಾಗುತ್ತದೆ.

ಜೂನೋ, ಸ್ಕ್ಯಾಗ್‌ವೇ, ಕೆಚಿಕಾನ್ ಊರುಗಳನ್ನೂ ಮಂಜಿನ ನದಿಯನ್ನೂ ನೋಡಿದೆವು. ಅದನ್ನೆಲ್ಲ ನಮಗಿಂತ ಚೆನ್ನಾಗಿ ಬರೆದವರಿದ್ದಾರೆ. ಕೊನೆಯ ರಾತ್ರಿ ನಮ್ಮ ಮೇಜಿನವರಲ್ಲಿ ಠಾಣೆಯವರು ತೆಗೆಸುವ ವಿಚಾರ ಬಿಟ್ಟಿದ್ದರು; ಪುಣೆಯವರು ತೆಗೆಸಿದರು. ಅವರು ನಮ್ಮೊಡನೆ ಮಾತು ಬಿಡಲಿಲ್ಲ, ಊರಿಗೆ ಬಂದಮೇಲೆ ಗಣಪತಿಗೂ ಕರೆದರು.

ಇಳಿಯುವ ಬೆಳಗ್ಗೆ ಏಳೂವರೆಗೇ ಕೋಣೆ ಬಿಡಬೇಕಾಗಿತ್ತು. ಮಧ್ಯಾಹ್ನಕ್ಕೆ ಹೊಸ ಪ್ರಯಾಣಿಕರು ಹತ್ತುತ್ತಾರೆ. ಅಷ್ಟರೊಳಗೆ ಹದಿನೆಂಟು ಕೋಣೆಯ ಹಾಸಿಗೆಯೂ ಹೊಸದಾಗಬೇಕು. ಓಣಿಯ ಉದ್ದಕ್ಕೂ ಚಾದರದ ಮೂಟೆಗಳು. ಮನೆಯವರು ಮಡಿಚಿದ ನೋಟನ್ನು ಹುಡುಗನ ಕೈಯಲ್ಲಿಟ್ಟರು. ಅವನು ಎಷ್ಟೆಂದು ನೋಡದೆ ಜೇಬಿಗಿಳಿಸಿ, “ಕಾರವಾರಕ್ಕೆ ಹೋದರೆ ನಮ್ಮ ಕಡೆಗೂ ಬನ್ನಿ, ಕಾಣಕೋಣದಿಂದ ದೂರವಿಲ್ಲ” ಎಂದು ಮಂಚದ ಕಡೆ ತಿರುಗಿದ. ಅಲ್ಲಿ ನಮ್ಮ ಮನೆಯವರು ಚಾದರಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಚಿಟ್ಟಿದ್ದರು. ಅವನು ನಕ್ಕು, ಒಂದೊಂದನ್ನೂ ಕೊಡವಿ ಬಿಚ್ಚಿ ಮೂಟೆಗೆ ಹಾಕಿದ. ಮಡಿಚಿದ್ದನ್ನು ಹಾಗೇ ಕಳಿಸಿದರೆ ಕೆಳಗೆ ಒಗೆಯುವವನಿಗೆ ಬಿಚ್ಚುವ ಕೆಲಸ ಹೆಚ್ಚಾಗುತ್ತದಂತೆ.